ಒಂದನೇ ಕಿಟಕಿಯ ತಡ

ಕಣ್ಣಾಸ್ಪತ್ರೆಯ ಬಾಗಿಲು ತೆರೆಯಲು ಇನ್ನೂ ಹೊತ್ತಿದೆ. ಹೊರಗೆ ಮೆಟ್ಟಿಲ ಮೇಲೆ ಆಗಲೇ ಜನ ಕೂತಿದ್ದಾರೆ. ಒಳಗೆ, ನೋಂದಣಿಯ ಒಂದನೇ ಕಿಟಕಿಯ ಹಿಂದೆ, ಮೇಜಿನಡಿಯಿಂದ ಎರಡು ಪಾದಗಳಷ್ಟೇ ಕಾಣುತ್ತಿವೆ. ಸ್ವಲ್ಪ ಹೊತ್ತಿಗೆ ತಲೆತುಂಬ ಧೂಳು ಮೆತ್ತಿಕೊಂಡ ಹೆಂಗಸೊಬ್ಬಳು ತೆವಳಿಕೊಂಡು ಹೊರಬರುತ್ತಾಳೆ. ಕುರ್ಚಿಯಲ್ಲಿ ಕೂತು, ಇಲ್ಲದ ರೋಗಿಯೊಬ್ಬರ ಹೆಸರು ಹೊಡೆದು, ಚೀಟಿ ಬರುವುದನ್ನೇ ಕಾಯುತ್ತಾಳೆ. ಚೀಟಿ ತಟ್ಟನೆ ಬರುತ್ತದೆ. ಅದನ್ನು ಹರಿದು ಬುಟ್ಟಿಗೆ ಹಾಕಿ ಪಕ್ಕದ ಕಿಟಕಿಗೆ ಹೋಗುತ್ತಾಳೆ.

ಸದಾ ವೈರುಗಳ ನಡುವೆಯೇ ಇರುವ ಈಕೆಯನ್ನು ಆಸ್ಪತ್ರೆಯಲ್ಲಿ ಎಲ್ಲರೂ ಕರೆಯುವುದು ವೈರಮ್ಮ ಎಂದೇ. ಇಲ್ಲಿನ ಅಷ್ಟೂ ಕಂಪ್ಯೂಟರುಗಳ ಆರೈಕೆ ಈಕೆಯೊಬ್ಬಳದೇ. ದಿನಕ್ಕೆ ಮುನ್ನೂರು ಮುನ್ನೂರೈವತ್ತು ಮಂದಿ ಚೀಟಿ ಮಾಡಿಸಿಕೊಂಡು ಒಳಗೆ ಹೋಗುತ್ತಾರೆ, ಕನ್ನಡಕವೋ ಹನಿಔಷಧವೋ ಹಿಡಿದು ಹೊರಗೆ ಬರುತ್ತಾರೆ. ಅವರಲ್ಲಿ ಒಬ್ಬರಿಗೂ ಈಕೆಯ ಮುಖಪರಿಚಯವಿಲ್ಲ. "ನನ್ನ ನೆನಪಾಯ್ತು ಅಂದ್ರೆ ಏನೋ ಕೆಟ್ಟಿದೆ ಅಂತಲೇ ಅರ್ಥ. ನೆನಪಾಗದೆ ಇದ್ರೇನೇ ಕ್ಷೇಮ" ಎಂದು ನಗುತ್ತಾಳೆ.

ಕೆಲಸಕ್ಕೆ ಸೇರಿಸಿದ್ದು ಸೋದರಮಾವ. ಈಕೆಯ ಅಪ್ಪ ತೀರಿಕೊಂಡ ಮೇಲೆ ತಂಗಿಯನ್ನೂ ಅವಳ ಮಗಳಾದ ಈಕೆಯನ್ನೂ ಮನೆಗೆ ಕರೆತಂದು ಸಾಕಿದವರು ಅವರೇ. ಮುರುಕು ಟೈಪ್‌ರೈಟರ್ ಮುಂದೆ ಕೂರಿಸಿ, ಕಣ್ಣಿಗೆ ಟವೆಲ್ ಕಟ್ಟಿ, ನೋಡದೆ ಹೊಡೆಯುವುದನ್ನು ಕಲಿಸಿದವರೂ ಅವರೇ. ಒಂದನೇ ಕಿಟಕಿ ಆ ಮಾವನದಾಗಿತ್ತು. ರೋಗಿ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಚೀಟಿ ಕೈಗಿಟ್ಟು, "ಮುಂದಿನ ಮಹಾರಾಜರು ಬರಬೇಕು" ಎನ್ನುತ್ತಿದ್ದರಂತೆ.

ಹಳೆಯ ಕಂಪ್ಯೂಟರುಗಳನ್ನು ಒಂದೊಂದಾಗಿ ಬದಲಿಸುವುದೆಂದು ಆಡಳಿತ ನಿರ್ಧರಿಸಿದಾಗ ಮೊದಲು ಬಂದದ್ದು ಮಾವನ ಸರದಿ. ಹೊಸ ಯಂತ್ರ, ಹೊಸ ಆಪರೇಟಿಂಗ್ ಸಿಸ್ಟಮ್, ಕನ್ನಡಿಯಂಥ ಪರದೆ. ಆ ವಾರದಿಂದಲೇ ಒಂದನೇ ಕಿಟಕಿಯ ಸಾಲು ಆಮೆಯ ಹೆಜ್ಜೆ ಹಿಡಿಯಿತು. ಪಕ್ಕದ ಕಿಟಕಿಯ ಹಳೇ ಯಂತ್ರ ಸರಸರ ಚೀಟಿ ಕೊಡುತ್ತಿತ್ತು. ಮಾವನ ಮುಂದಿನ ಸಾಲು ಮಾತ್ರ ಬಾಗಿಲಾಚೆಗೆ ಬೆಳೆಯುತ್ತಿತ್ತು. ಕಾದು ಸುಸ್ತಾದವರು ಗೊಣಗಿದರು. ಮುದುಕರನ್ನು ಕೂರಿಸಿದರೆ ಇಷ್ಟೇ ಎಂದು ಯಾರೋ ಕೇಳಿಸುವಂತೆಯೇ ಅಂದರು.

ಈಕೆ ಕೈಕಟ್ಟಿ ಕೂರಲಿಲ್ಲ. ಕೇಬಲ್ ಬದಲಿಸಿದಳು, ಮೆಮೊರಿ ಹೆಚ್ಚಿಸಿದಳು. ರೋಗಿಗಳ ವಿವರವೆಲ್ಲ ಇರುವ ಸರ್ವರ್ ಯಂತ್ರ ಈಕೆಯ ಕೋಣೆಯಲ್ಲೇ ಇದೆ. ಅದರ ಮುಂದೆಯೇ ಕೂತು ಹುಡುಕಿ ನೋಡಿದರೆ ಎಲ್ಲವೂ ಕಣ್ಣುಮಿಟುಕಿಸುವಷ್ಟರಲ್ಲಿ ಸಿಗುತ್ತಿತ್ತು. ಯಂತ್ರದಲ್ಲಿ ದೋಷವಿಲ್ಲ ಎಂದು ಆಡಳಿತಕ್ಕೆ ತಿಳಿಸಿದಳು. ಮಾವನಿಗೂ ಒಂದು ಮಾತು ಹೇಳಿದಳು. ಆ ಮಾತನ್ನು ಈಗ ತಗ್ಗಿದ ದನಿಯಲ್ಲಿ ಒಪ್ಪಿಸುತ್ತಾಳೆ: "'ಮಾವ, ಒಂದೇ ಸಲ ಒತ್ತಿ, ಎರಡೆರಡು ಸಲ ಒತ್ತಬೇಡಿ' ಅಂದೆ. ಅವರು ಒಂದೇ ಸಲ ಒತ್ತುತ್ತಾ ಇದ್ರು."

ಮಾವ ಎದುರಾಡಲಿಲ್ಲ. ಬೆರಳುಗಳನ್ನು ಮಡಿಚಿ ಬಿಚ್ಚಿ ನೋಡಿಕೊಂಡರು. ವಯಸ್ಸಾಯಿತು, ಕೈ ಮಾತು ಕೇಳುತ್ತಿಲ್ಲ ಎಂದರು. ಸೇವೆ ಇನ್ನೂ ಬಾಕಿ ಇದ್ದಾಗಲೇ ನಿವೃತ್ತಿ ಬರೆದುಕೊಟ್ಟು, ಕೂರುತ್ತಿದ್ದ ದಿಂಬನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ನಡೆದರು.

ಅವರ ಕುರ್ಚಿಗೆ ಬಂದವಳು ಚುರುಕು ಬೆರಳಿನ ಹುಡುಗಿ. ಆದರೆ ಸಾಲು ಕದಲಲಿಲ್ಲ. ವಾರವೊಂದು ಕಳೆಯುವಷ್ಟರಲ್ಲಿ ಆ ಹುಡುಗಿಯೂ ಅಳುವ ಸ್ಥಿತಿಗೆ ಬಂದಳು. "ಆಗ ಹೊಳೀತು, ತಪ್ಪು ಮಾವನ ಕೈದಲ್ಲ ಅಂತ" ಎನ್ನುತ್ತಾಳೆ ವೈರಮ್ಮ. ತನ್ನ ಕೋಣೆ ಬಿಟ್ಟು ಒಂದನೇ ಕಿಟಕಿಯ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತಳು. ಆಮೇಲೆ ಸಿಕ್ಕಿದ್ದು ಇಷ್ಟು: ಕಿಟಕಿಯ ಯಂತ್ರಕ್ಕೂ ಸರ್ವರ್‌ಗೂ ನಡುವೆ ಓಡಾಡಿ ಮಾಹಿತಿ ತರಲು ಡ್ರೈವರ್ ಎಂಬ ಪುಟ್ಟ ತಂತ್ರಾಂಶವಿರುತ್ತದೆ. ಅದು ಹಳೆಯ ಸಿಸ್ಟಮ್‌ಗೆಂದು ಮಾಡಿದ್ದು. ಹೊಸ ಸಿಸ್ಟಮ್‌ನಲ್ಲಿ ಅದು ಪ್ರತಿ ಸಲವೂ ಸರ್ವರನ್ನು ಮೊದಲು ಹೊಸ ಬಗೆಯ ವಿಳಾಸದಲ್ಲಿ ಹುಡುಕುತ್ತಿತ್ತು, ಬಾರದ ಉತ್ತರಕ್ಕಾಗಿ ಕಾದು, ಆಮೇಲಷ್ಟೇ ಹಳೇ ವಿಳಾಸಕ್ಕೆ ಹೋಗುತ್ತಿತ್ತು. ಒಂದು ಚೀಟಿಗೆ ಹತ್ತಾರು ಓಡಾಟ, ಪ್ರತಿ ಓಡಾಟಕ್ಕೂ ಅದೇ ಕಾಯುವಿಕೆ. ಸರ್ವರ್ ಯಂತ್ರದ ಮುಂದೆಯೇ ಕೂತವರಿಗೆ ಈ ವಿಳಾಸದ ಹುಡುಕಾಟವೇ ಇಲ್ಲ. ಹಾಗಾಗಿ ಈಕೆಗೆ ಅದು ಕಂಡಿರಲೇ ಇಲ್ಲ.

ಹೊಸ ಡ್ರೈವರ್ ಹಾಕಿ, ನೇರ ವಿಳಾಸ ಕೊಟ್ಟಳು. ಅರ್ಧ ದಿನದ ಕೆಲಸ. ಸಾಲು ಕರಗಿತು. ಯಾರೂ ಏನೂ ಕೇಳಲಿಲ್ಲ.

ಅದೇ ಸಂಜೆ ಮಾವನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಮಾವ ಮೊದಲು ನಕ್ಕರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು ಬಿಡು ಎಂದು ಅತ್ತೆಯನ್ನೂ ನಗಿಸಿದರು. ಚಹಾ ಮುಗಿದ ಮೇಲೆ, ಲೋಟ ಕೆಳಗಿಡುತ್ತಾ ಕೇಳಿದರು:

"ಹಾಗಾದ್ರೆ ನನ್ನ ಕೈ ಚೆನ್ನಾಗೇ ಇತ್ತಾ, ಪುಟ್ಟೀ?"

ಈಕೆ ಆ ಲೋಟ ಎತ್ತಿಕೊಂಡು ತೊಳೆಯಲು ಒಳಗೆ ಹೋದಳಂತೆ.

ಆಡಳಿತದವರು ಮಾವನನ್ನು ಮರಳಿ ಕರೆದರು. ಕೂತಿರುವ ಹುಡುಗಿಯನ್ನು ಎಬ್ಬಿಸಿ ತಾನು ಕೂರುವುದು ಸರಿಯಲ್ಲವೆಂದು ಅವರು ಒಪ್ಪಲಿಲ್ಲ. ಅದೊಂದೇ ಕಾರಣವೆಂದು ಈಕೆಗೆ ಅನ್ನಿಸುವುದಿಲ್ಲ. ಕೈ ಕೆಟ್ಟಿದೆ ಎಂದು ಒಮ್ಮೆ ನಂಬಿದ್ದನ್ನು ಮನಸ್ಸು ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಈಗ ಯಾರೇ ತಡವಾಗುತ್ತಿದೆ ಎಂದರೂ ಈಕೆ ಮೊದಲು ಹೋಗಿ ಅವರ ಪಕ್ಕದಲ್ಲಿ ಕೂರುತ್ತಾಳೆ. ದೋಷವಿಲ್ಲ ಎಂಬ ಮಾತನ್ನು ತನ್ನ ಕೋಣೆಯಲ್ಲಿ ಕೂತು ಹೇಳುವುದನ್ನು ಬಿಟ್ಟಿದ್ದಾಳೆ. ನಿಮಗೇನಾದರೂ ಆಸೆಯಿದೆಯೇ ಎಂದರೆ ಮಾವನ ಮಾತನ್ನೇ ತೆಗೆಯುತ್ತಾಳೆ.

"ಮಾವ ಮನೇಲಿ ಫೋನ್ ನಂಬರ್ ಒತ್ತೋಕೂ ಅತ್ತೇನ ಕರೀತಾರೆ. ತಪ್ಪು ಒತ್ತಿಬಿಡ್ತೀನೇನೋ ಅಂತ ಭಯ. ಒಂದು ದಿನ ಅವರೇ ಒತ್ತಿ ನಂಗೆ ಫೋನ್ ಮಾಡ್ಬೇಕು. ಬೈಯೋಕಾದ್ರೂ ಸರಿ."