ಚೇಳಿನ ಪುಪ್ಪುಸ, ನನ್ನ ಲಾಂಗ್ ಬುಕ್

'ಕುರಿ ಕಾಯೂ ಹುಡುಗಿ ಸಾಯನ್ಸ್ ಕಲೀತಾಳಂತ! ಆಗೂದಲ್ಲ, ಹೋಗೂದಲ್ಲ' ಎಂದವರು ನಮ್ಮ ಕಾಕಾ, ಅಪ್ಪನ ತಮ್ಮ. ನಮ್ಮೂರು ಪಾರಿಶ್ವಾಡದಲ್ಲಿ ನನ್ನ ಟ್ರಂಕು ಬಸ್ಸಿನ ಮೇಲೇರುತ್ತಿರುವಾಗ, ನಾಲ್ಕು ಮಂದಿ ಕೇಳುವಂತೆ ಅಂದರು. ಎರಡು ಸಾವಿರ ಇಸವಿ ಬರಲು ಆಗ ಇನ್ನೂ ಎರಡು ವರ್ಷವಿತ್ತು. ಅವರ ಕರಾರು ಒಂದೇ: ಬಿ.ಎಸ್ಸಿ.ಯಲ್ಲಿ ಒಂದು ವಿಷಯ ನಪಾಸಾದರೂ ಬೆಳಗಾವಿ ಬಿಟ್ಟು ಬಂದು ಕುರಿ ಹಿಂದೆ ನಡೆಯಬೇಕು. ಅಪ್ಪ ಟ್ರಂಕಿಗೆ ಹಗ್ಗ ಬಿಗಿಯುತ್ತಿದ್ದ. ನಾನೇ 'ಆತು ಕಾಕಾ' ಎಂದು ಬಸ್ ಹತ್ತಿದೆ.

ಮೂರನೇ ದಿನವೇ ಕಾಕಾ ಗೆಲ್ಲುತ್ತಾರೆ ಅನ್ನಿಸಿತು. ಪ್ರಾಣಿಶಾಸ್ತ್ರದ ಮೇಡಂ ಇಂಗ್ಲಿಷಿನಲ್ಲಿ ಗಡಗಡನೆ ಏನೋ ಹೇಳಿ, ನಾಳೆ ತನ್ನಿ ಎಂದರು. ನನ್ನ ಕಿವಿಗೆ ಬಿದ್ದದ್ದು 'ಬುಕ್', ಆಮೇಲೆ 'ಲಾಂಗ್'. ಉದ್ದನೆಯ ನೋಟ್‌ಬುಕ್ಕಿಗೆ ನಮ್ಮ ಕಡೆ ಲಾಂಗ್ ಬುಕ್ ಅಂತಲೇ ಕರೆಯುವುದು. ಖಾಸಬಾಗದ ಪೇಟೆಗೆ ಹೋಗಿ ಇನ್ನೂರು ಪುಟದ್ದೊಂದು ಕೊಂಡು ತಂದೆ. ಮರುದಿನ ಎಲ್ಲರೂ ಒಂದು ಚಿತ್ರ ಬಿಡಿಸಿಕೊಂಡು ಬಂದಿದ್ದರು, ನಾನು ಖಾಲಿ ಪುಸ್ತಕ ಚಾಚಿದೆ. ಮೇಡಂ ಹೇಳಿದ್ದು ಬುಕ್ ಲಂಗ್ಸ್, ಪುಸ್ತಕದ ಹಾಳೆಗಳಂತೆ ಪದರು ಪದರಾಗಿರುವ ಚೇಳಿನ ಪುಪ್ಪುಸ, ಅಂದರೆ ಶ್ವಾಸಕೋಶ.

'ಪುಸ್ತಕ ಬಂತು, ಪುಪ್ಪುಸ ಎಲ್ಲೇತವ್ವಾ?' ಎಂದರು ಮೇಡಂ. ಇಡೀ ಕ್ಲಾಸು ನಕ್ಕಿತು. ಆವತ್ತಿನಿಂದ ನನ್ನ ಹೆಸರೇ ಲಾಂಗ್ ಬುಕ್.

ನಮ್ಮ ತಾಲೂಕಿನ ಊರು ಖಾನಾಪುರದಲ್ಲಿ ಪಿಯುಸಿ ಓದುವಾಗ ಮಾಸ್ತರರು ಇಂಗ್ಲಿಷ್ ಪಾಠವನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು. ಸಂತೆಯ ಮರಾಠಿಯೂ ನನಗೆ ಬರುತ್ತಿತ್ತು. ಬೆಳಗಾವಿ ಅಂದರೆ ಮರಾಠಿಯೇ ಕಷ್ಟ ಅಂದುಕೊಂಡು ಬಂದಿದ್ದೆ, ಎಡವಿದ್ದು ಇಂಗ್ಲಿಷಿಗೆ. ಆ ಲಾಂಗ್ ಬುಕ್ಕನ್ನು ಎಸೆಯಲಿಲ್ಲ. ಎಡಗಡೆ ಇಂಗ್ಲಿಷ್ ಶಬ್ದ, ಬಲಗಡೆ ನಮ್ಮ ಮಾತು. ದಿನಕ್ಕೊಂದು ಪುಟ ತುಂಬದೆ ಉಣ್ಣಬಾರದು ಅಂತ ನನಗೆ ನಾನೇ ಹಾಕಿಕೊಂಡ ಕಟ್ಟು.

ಖೋಲಿ ಸಿಕ್ಕಿದ್ದು ಬೆಳಗಾವಿಯದೇ ಭಾಗವಾದ ವಡಗಾವಿಯಲ್ಲಿ, ನೇಕಾರರೊಬ್ಬರ ಮನೆ ಹಿಂದೆ. ಖೋಲಿ ಅಂದರೆ ಒಂದೇ ಕೋಣೆ: ಮೂಲೆಯಲ್ಲಿ ಸ್ಟೋವು, ಗೋಡೆಯಾಚೆ ಮಗ್ಗ. ಮನೆಯೊಡತಿಯನ್ನು ಎಲ್ಲರೂ ಮಾವುಶಿ ಎನ್ನುತ್ತಿದ್ದರು, ಮರಾಠಿಯಲ್ಲಿ ಚಿಕ್ಕಮ್ಮ ಅಂದಂತೆ. ಊರಲ್ಲಿ ಬಾಗಿಲು ತೆಗೆದರೆ ಬಯಲು, ಇಲ್ಲಿ ಬಾಗಿಲು ತೆಗೆದರೆ ಎದುರು ಮನೆಯ ಬಾಗಿಲು. ಊರಲ್ಲಿ ರೊಟ್ಟಿ ಬಿಸಿಬಿಸಿ, ಇಲ್ಲಿ ಅವ್ವ ಬಸ್ಸಿಗೆ ಕೊಟ್ಟು ಕಳಿಸುವ ಒಣಗಿದ ಕಟಕು ರೊಟ್ಟಿ ಎಂಟು ದಿನ. ಮಗ್ಗದ ಖಟಕ್ ಖಟಕ್ ಸದ್ದಿಗೆ ಮೊದಮೊದಲು ತಲೆ ಸಿಡಿಯುತ್ತಿತ್ತು. ಆಮೇಲಾಮೇಲೆ ಕರೆಂಟು ಹೋಗಿ ಮಗ್ಗ ನಿಂತರೆ ಎದೆಯಲ್ಲಿ ಹಾಳು ಸುರಿದಂತಾಗಿ ಊರು ನೆನಪಾಗುತ್ತಿತ್ತು. ಆಗ ಮುಂದಿನ ಪಡಸಾಲೆಗೆ ಹೋಗಿ ಮಾವುಶಿಯ ಜೊತೆ ಕಂಡಿಕಿಗೆ, ಅಂದರೆ ಮಗ್ಗದ ಲಾಳಿಯೊಳಗಿನ ಸಣ್ಣ ಕೊಳವೆಗೆ, ನೂಲು ಸುತ್ತುತ್ತ ಪಾಠ ಒಪ್ಪಿಸುತ್ತಿದ್ದೆ.

'ಚೇಳಿನ ಹೊಟ್ಟ್ಯಾಗ ಪುಸ್ತಕ ಐತ್ರಿ ಮಾವುಶಿ.'

'ಹೌದೇನ? ನಮ್ಮ ಮನಿಯಾವ್ರ ಹೊಟ್ಟ್ಯಾಗ ಒಂದ ಅಕ್ಷರಿಲ್ಲ ನೋಡು' ಎಂದು ಗಂಡನ ಕಡೆ ಕಣ್ಣು ಹೊಡೆದಳು.

ಹಾಗೆ ಹೇಳಿ ಹೇಳಿಯೇ ಆ ಪಾಠ ನನ್ನದಾಯಿತು. ಚೇಳು, ಜೇಡ, ನಮ್ಮ ಕುರಿಗಳ ಮೈಗೆ ಹತ್ತುವ ಉಣ್ಣಿ, ಎಲ್ಲ ಒಂದೇ ಬಳಗ. ಇವುಗಳ ಪೂರ್ವಿಕರು ನಲವತ್ತು ಕೋಟಿ ವರ್ಷಕ್ಕೂ ಹಿಂದೆ ನೀರಿನಲ್ಲಿದ್ದವರು. ಹೊಟ್ಟೆಯಡಿ ಹಾಳೆ ಹಾಳೆಯಾದ ಕಿವಿರು. ನೀರಲ್ಲಿ ಆ ಹಾಳೆಗಳು ತೇಲಿ ಬಿಡಿಬಿಡಿಯಾಗಿರುತ್ತವೆ. ದಂಡೆಗೆ ಬಂದರೆ ಒಂದಕ್ಕೊಂದು ಅಂಟಿ, ಒಣಗಿ, ಉಸಿರೇ ನಿಲ್ಲುತ್ತದೆ. ಆದರೂ ಬಂದವು. ಆ ಕಿವಿರೇ ಎಷ್ಟೋ ತಲೆಮಾರು ಕಳೆದು ಹೊಟ್ಟೆಯೊಳಗೆ ಸರಿದು, ಗಾಳಿಗೆ ಸಣ್ಣ ಸೀಳೊಂದನ್ನು ಬಿಟ್ಟುಕೊಂಡು ಪುಪ್ಪುಸವಾಯಿತು ಎಂಬುದು ಬಹಳ ವಿಜ್ಞಾನಿಗಳ ಮಾತು. ಮೈಯ ತೇವ ಆರದಂತೆ ಮೇಲೆ ಮೇಣದಂಥ ಲೇಪ. ಒಮ್ಮೆಲೇ ಬಂದವೋ, ಬೇರೆ ಬೇರೆ ಗುಂಪಾಗಿ ಹಲವು ಸಲ ಬಂದವೋ, ಅದರ ವಾದ ಇನ್ನೂ ಮುಗಿದಿಲ್ಲ. ನನಗೆ ಹಿಡಿಸಿದ್ದು ಒಂದೇ ಸಂಗತಿ: ಅವು ನೀರಿನ ಉಸಿರನ್ನು ಎಸೆದು ಬರಲಿಲ್ಲ, ಒಳಗೆ ಮಡಚಿಟ್ಟುಕೊಂಡು ಬಂದವು.

ಮೊದಲ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನಿಂದ ಬಂದ ಸರ್ ನನ್ನ ಮುಂದೆ ಚೇಳನ್ನೇ ಇಟ್ಟರು. ಚಿಮಟದಿಂದ ಪುಪ್ಪುಸ ಬಿಡಿಸಿ ಗಾಜಿನ ಮೇಲಿಟ್ಟು ಒಂದು ಹನಿ ನೀರು ಬಿಟ್ಟೆ. ಹಾಳೆಗಳು ಬಿಚ್ಚಿಕೊಂಡವು. ಅಲ್ಲಿಯವರೆಗೆ ಸರಿ. ನೀರಿನ ಪ್ರಾಣಿ ನೆಲದ ಮೇಲೆ ಒಣಗದೆ ಹೇಗೆ ಉಳಿಯಿತು ಅಂತ ಅವರು ಇಂಗ್ಲಿಷಿನಲ್ಲಿ ಕೇಳಿದಾಗ ಮೂರು ಶಬ್ದಕ್ಕೇ ನನ್ನ ಇಂಗ್ಲಿಷ್ ಮುಗಿಯಿತು. ಇಲ್ಲಿ ಬಿದ್ದರೆ ನೇರ ಕುರಿ ಹಿಂದೆ.

'ಸರ್, ನನ್ನ ಮಾತಿನ್ಯಾಗ ಹೇಳ್ಲಿರಿ?'

ಅವರು ಕನ್ನಡಕ ತೆಗೆದು 'ಹೇಳವಾ' ಎಂದರು. ಹೇಳಿದೆ. ಕಿವಿರು, ಮೇಣ, ಸೀಳು, ಒಂದೂ ಬಿಡಲಿಲ್ಲ. ಅಷ್ಟಕ್ಕೇ ಬಿಡದೆ, ರಾತ್ರಿಗೆ ಹೊಲದಲ್ಲಿ ಕುರಿ ತರುಬಿ ಕೂಡಿಹಾಕುವ ಮೊದಲು ಕಲ್ಲು ಮಗುಚಿ ಚೇಳು ಹುಡುಕುವುದು ನನ್ನ ಕೆಲಸವಾಗಿತ್ತೆಂದೂ ಹೇಳಿದೆ. 'ಬ್ಯಾಸಗ್ಯಾಗ ಒಣ ಕಲ್ಲಿನ ಕೆಳಗ ಸಿಗೂದಿಲ್ರಿ. ತಳದಾಗ ತಂಪ ಇದ್ದಲ್ಲೇ ಇರತಾವು. ನೆಲಕ್ಕ ಬಂದ್ರೂ ತ್ಯಾವದ ಆಸೆ ಬಿಟ್ಟಿಲ್ರಿ ಅವು.'

'ಇದು ಯಾವ ಪುಸ್ತಕದಾಗ ಐತಿ?'

'ಪುಸ್ತಕದಾಗಲ್ರಿ ಸರ್, ಪಾರಿಶ್ವಾಡದಾಗ.'

ಅವರು ನಗಲಿಲ್ಲ. ತಮ್ಮ ಹಾಳೆಯಲ್ಲಿ ಏನೋ ಬರೆದುಕೊಂಡರು. ನಾನು ಪಾಸಾದೆ. ಮುಂದಿನ ಎರಡು ವರ್ಷ ಎಲ್ಲೂ ಬೀಳಲಿಲ್ಲ.

ಈಗ ಖಾಸಬಾಗದ ಒಂದು ಸಾಲಿಯಲ್ಲಿ ವಿಜ್ಞಾನ ಕಲಿಸುತ್ತೇನೆ. ವಡಗಾವಿಯಲ್ಲಿ ನಾನು 'ಖಾನಾಪುರ ಕಡೀ ಬಾಯಿ', ಊರಿಗೆ ಹೋದರೆ 'ಬೆಳಗಾವಿಯಾಕಿ ಬಂದ್ಲು'. ಎರಡಕ್ಕೂ ಓ ಅನ್ನುತ್ತೇನೆ.

ಪದವಿಯ ಸರ್ಟಿಫಿಕೇಟು ಕೈಗೆ ಬಂದ ದಿನ ಮಧ್ಯಾಹ್ನದ ಬಸ್ಸಿಗೇ ಊರಿಗೆ ಹೋದೆ. ಕಾಕಾ ಅದನ್ನು ಬೆಳಕಿಗೆ ಹಿಡಿದು, ಮುದ್ರೆಯ ಸಿಕ್ಕೆ ಮುಟ್ಟಿ ನೋಡಿ, 'ಖರೇನ ಐತಿ' ಎಂದರು. ಅಷ್ಟೇ ಸಾಕಾಗಿತ್ತು. ಅವ್ವ ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಅವಳ ಕೈಗೆ ಕೊಟ್ಟೆ. ಓದಲು ಬಾರದ ಅವ್ವ ಬೆರಳಿಡುತ್ತ ಹೋದಳು, ನಾನು ಹೇಳುತ್ತ ಹೋದೆ: ಇದು ನನ್ನ ಹೆಸರು, ಇದು ಕಾಲೇಜು, ಇದು ಕಲಿತದ್ದು.

'ಪಾರಿಶ್ವಾಡ ಎಲ್ಲಿ ಬರದಾರ?'

'ಅದನ್ನ ಬರಿಯೂದಿಲ್ಲಬೇ.'

ಅವ್ವ ಹಾಳೆಯನ್ನು ಜೋಪಾನವಾಗಿ ನನ್ನ ಕೈಗೆ ವಾಪಸು ಇಟ್ಟಳು.

'ಹಂಗಾರ ಅರ್ಧಾನ ಬರದಾರ ಬಿಡು.'