ದೆವ್ವ ಹಿಡಿಯುವ ಗಿಟಾರಪ್ಪ

ನಮ್ಮ ಮೇಲಿನ ಮನೆಯ ಗಿಟಾರಪ್ಪ ಹತ್ತು ವರ್ಷದಲ್ಲಿ ಒಂದು ಹಾಡನ್ನಾದರೂ ಪೂರ್ತಿ ನುಡಿಸಿದ್ದನ್ನು ನಾನು ಕೇಳಿರಲಿಲ್ಲ. ಅವರಿಗೆ ಪುರುಸೊತ್ತೆಲ್ಲಿ, ದೆವ್ವ ಹಿಡಿಯಬೇಕಲ್ಲ! ಗಿಟಾರಿನ ದನಿ ಹಿಗ್ಗಿಸುವ ಆಂಪ್ ಅನ್ನು ಗೋಡೆ ನಡುಗುವಷ್ಟು ಏರಿಸಿ ಒಂದು ತಂತಿ ಮೀಟಿದರೆ, ಆ ಸ್ವರದ ಅಡಿಯಲ್ಲಿ ಯಾರೂ ನುಡಿಸದ ಇನ್ನೊಂದು ಅಪಸ್ವರ ನರಳುತ್ತದೆ. ಅದೇ ಅವರ ದೆವ್ವ. "ಕೇಳಿಸ್ತಾ?" ಎಂದು ಕರೆಂಟ್ ಮೀಟರ್ ನೋಡಲು ಬಂದವರನ್ನೂ ಕೂರಿಸಿ ಕೇಳುತ್ತಾರೆ, ಇಲ್ಲವೆಂದವರ ಕಿವಿ ಕಿವಿಯೇ ಅಲ್ಲ. ಹಿಂದೆ ಅವರ ತಂಡದಲ್ಲಿ ಇನ್ನೂ ಮೂವರಿದ್ದರು. ಅಪಸ್ವರ ನಿನ್ನದೇ ಎಂದು ಒಬ್ಬೊಬ್ಬರ ಮೇಲೂ ಗೂಬೆ ಕೂರಿಸಿ ಎಲ್ಲರನ್ನೂ ಓಡಿಸಿದರು. ತಪ್ಪು ಆಂಪಿನದೆಂದು ಆಮೇಲೆ ಗೊತ್ತಾದಾಗ, ಕ್ಷಮೆ ಕೇಳುವ ಬದಲು ಅದರೊಳಗಿನ ಕೆಪಾಸಿಟರ್ ಬದಲಿಸಿದರು. ಅದಕ್ಕೂ ದೆವ್ವ ಜಗ್ಗದಿದ್ದಾಗ, ಹಳೆಯ ಆಂಪುಗಳ ದನಿಯನ್ನು ಅನುಕರಿಸುವ ಡಿಜಿಟಲ್ ಪೆಟ್ಟಿಗೆ ತಂದರು. ಅದನ್ನು ಮಾಡಿದ ಪುಣ್ಯಾತ್ಮರು ದೆವ್ವವನ್ನೂ ಬಿಡದೆ ಅನುಕರಿಸಿದ್ದರು. ಸದ್ಯ, ಅದನ್ನು ಅಡಗಿಸಲು ತಿರುಗಿಸುವ ಒಂದು ನಾಬ್ ಕೂಡ ಇಟ್ಟಿದ್ದರು. ಮೊನ್ನೆ ಗಿಟಾರಪ್ಪ ನಮ್ಮನ್ನೆಲ್ಲ ಕರೆದು, ಮಂತ್ರವಾದಿಯ ಗತ್ತಿನಲ್ಲಿ ಅದನ್ನು ಸೊನ್ನೆಗೆ ತಿರುಗಿಸಿ ತಂತಿ ಮೀಟಿದರು. ತೊಳೆದಿಟ್ಟಂಥ ಸ್ವರ. "ಹೇಗೆ?" ಎಂದರು. ಬಟ್ಟೆ ಮಡಿಸುತ್ತಿದ್ದ ಅವರ ಹೆಂಡತಿ ತಲೆಯೆತ್ತದೆ, "ಚೆನ್ನಾಗಿದೆ ರೀ. ಇಷ್ಟು ದಿನ ನಿಮ್ಮ ಜೊತೆ ಇನ್ಯಾರೋ ನುಡಿಸ್ತಿದ್ದ ಹಾಗಿತ್ತು. ಈಗ ನೀವೊಬ್ರೇ" ಎಂದರು. ಆ ಸಂಜೆ ನಾಬನ್ನು ಮತ್ತೆ ಏರಿಸಿರಬೇಕು, ನಮ್ಮ ತಲೆಯ ಮೇಲೆ ಅಪಸ್ವರ ಮತ್ತೆ ನರಳಿತು. ಗಿಟಾರಪ್ಪ ಯಾರನ್ನೂ ಕರೆಯಲಿಲ್ಲ. ಅದರ ಜೊತೆಗೆ ಒಂದು ಹಾಡನ್ನು ಪೂರ್ತಿ ನುಡಿಸಿದರು.