ಇಳಿಕೆಯ ಹರಾಜಿನಲ್ಲಿ ಗೆದ್ದ ಬೀಗರು

ನಮ್ಮ ತರಾಜ್ ಊರಿನ ಮ್ಯಾಕರೋನಿ ಫ್ಯಾಕ್ಟರಿಯಲ್ಲಿ ಖರೀದಿ ಕೋಣೆ ಎಂದರೆ ಝಾನಿಲ್, ಝಾನಿಲ್ ಎಂದರೆ ಖರೀದಿ ಕೋಣೆ. ನಾನು ಗೋದಾಮಿನವನು. ಆಕೆ ತರಿಸಿದ್ದನ್ನು ಇಳಿಸಿಕೊಂಡು ಜೋಡಿಸಿಡುವುದು ನನ್ನ ಕೆಲಸ. ಸೋವಿಯತ್ ಕಾಲ ಮುಗಿದು ಅಂಗಡಿಗಳೆಲ್ಲ ಬರಿದಾಗಿದ್ದಾಗ ಆಕೆ ಇನ್ನೂ ಚಿಕ್ಕ ವಯಸ್ಸಿನವಳು. ಲಾರಿಯ ಮುಂದಿನ ಸೀಟಿನಲ್ಲಿ ಕೂತು ಬಿಷ್ಕೇಕ್‌ವರೆಗೆ ಹೋಗಿ, ಮ್ಯಾಕರೋನಿ ಕೊಟ್ಟು ಉಪ್ಪು ತರುತ್ತಿದ್ದಳು. ಆ ಉಪ್ಪನ್ನು ಇನ್ನೊಬ್ಬರಿಗೆ ಕೊಟ್ಟು ಡೀಸೆಲ್ ತರುತ್ತಿದ್ದಳು. ಫ್ಯಾಕ್ಟರಿ ಒಂದು ದಿನವೂ ನಿಲ್ಲಲಿಲ್ಲ. ಗಂಡ ಬೇಗ ತೀರಿಕೊಂಡ. ಒಬ್ಬಳೇ ಮಗಳು, ಅಕ್ಬೋತಾ.

ನಮಗೆ ರಟ್ಟಿನ ಪೆಟ್ಟಿಗೆ ಕೊಡುತ್ತಿದ್ದವನು ಬೆಕ್ಬೊಲಾತ್. ರೈಲುಹಳಿಯ ಆಚೆ ಅವನ ಕಾರ್ಖಾನೆ. ಹಿಂದೆ ಅದು ಕಿವುಡರ ಸಂಘಕ್ಕೆ ಸೇರಿತ್ತು. ಸಂಘ ಮುಳುಗಿದಾಗ ಅವನು ಯಂತ್ರಗಳನ್ನೂ ಕೊಂಡ, ಕೆಲಸದ ಕಿವುಡ ಹೆಂಗಸರನ್ನೂ ಉಳಿಸಿಕೊಂಡ. ಅವನ ತಾಯಿ ಕಿವುಡಿ. ಹಾಗಾಗಿ ಬಾಯಿಮಾತಿಗಿಂತ ಮೊದಲು ಕೈಮಾತು ಕಲಿತವನು. ಪೆಟ್ಟಿಗೆಯ ವಿಷಯಕ್ಕೆ ಎರಡೂ ಮನೆಯವರು ಹೋಗಿ ಬಂದು ಮಾಡುತ್ತಲೇ ಅಕ್ಬೋತಾಳಿಗೂ ಅವನ ಮಗ ಎಲ್ದೋಸನಿಗೂ ಪರಿಚಯವಾಯಿತು, ಮದುವೆಯೂ ಆಯಿತು. ಅಳಿಯನದು ನೂರು ವರ್ಷದ ನಂಟು, ಬೀಗರದು ಸಾವಿರ ವರ್ಷದ್ದು ಎನ್ನುತ್ತಾರೆ ನಮ್ಮ ಜನ. ಆ ಇಬ್ಬರು ಬೀಗರನ್ನು ನೋಡಿದರೆ ಆ ಮಾತು ನಿಜವೆನಿಸುತ್ತಿತ್ತು. ಸಿಕ್ಕಲ್ಲೆಲ್ಲ ಒಬ್ಬರನ್ನೊಬ್ಬರು ರೇಗಿಸುತ್ತಿದ್ದರು.

ಅವರಿಗೆ ಮೊಮ್ಮಗ ಹುಟ್ಟಿದ ಮರುವರ್ಷ ಆಗಸ್ಟಿನಲ್ಲಿ, ನಮ್ಮ ದೇಶದ ನಾಣ್ಯ ತೆಂಗೆಯ ಬೆಲೆಯನ್ನು ಹಿಡಿದಿಟ್ಟಿದ್ದ ಸರ್ಕಾರ ಕೈಬಿಟ್ಟಿತು, ಅದು ಕುಸಿಯಿತು. ಬೆಳಿಗ್ಗೆ ಇದ್ದ ಬೆಲೆ ಸಂಜೆಗೆ ಇಲ್ಲ. ರಷ್ಯಾದಿಂದ ಬರುವ ರಟ್ಟು, ಪ್ಲಾಸ್ಟಿಕ್, ಯಂತ್ರದ ಬಿಡಿಭಾಗ ಎಲ್ಲವೂ ಏರಿದವು. ಜನ ಮಾತ್ರ ನಮ್ಮ ಮ್ಯಾಕರೋನಿಯನ್ನು ಮೊದಲಿನ ಬೆಲೆಗೇ ಕೇಳಿದರು. ಅಲ್ಮಾಟಿಯಲ್ಲಿದ್ದ ಮಾಲೀಕರಿಗೆ ನಮ್ಮಂಥವೇ ಮೂರು ಫ್ಯಾಕ್ಟರಿ. ತಯಾರಿಕೆಯ ಒಂದು ಲೈನ್ ಮುಚ್ಚಬೇಕು, ಇಲ್ಲವೇ ಖರೀದಿಯಲ್ಲಿ ಉಳಿಸಬೇಕು ಎಂದು ಹೇಳಿ, ಸಾನ್ಝಾರ್ ಎಂಬ ಯುವಕನ ಕೈಯಲ್ಲಿ ಒಂದು ಸಾಫ್ಟ್‌ವೇರ್ ಕೊಟ್ಟು ಕಳಿಸಿದರು.

"ಹೆದರಬೇಡಿ ಅಪಾಯ್," ಅಂದ ಅವನು. ಹಿರಿಯ ಹೆಂಗಸರನ್ನು ನಮ್ಮಲ್ಲಿ ಹಾಗೆಯೇ ಕರೆಯುವುದು. "ಇದು ನಿಮ್ಮ ಕೆಲಸ ಕಿತ್ಕೊಳ್ಳಲ್ಲ. ನಿಮಗೆ ಕೈಯಾಳಿನ ಥರ ಇರತ್ತೆ."

"ನನ್ನ ಗಂಡನೂ ಮದುವೆಗೆ ಮುಂಚೆ ಹೀಗೇ ಅಂದಿದ್ದ ಕಣಪ್ಪ," ಅಂದಳು ಝಾನಿಲ್.

ಆದರೂ ಕಲಿತಳು. ನಮ್ಮಲ್ಲಿ ಯಾರಿಗಿಂತಲೂ ಚೆನ್ನಾಗಿ ಕಲಿತಳು. ನಮಗೆ ಬೇಕಾದದ್ದನ್ನು ಅದರಲ್ಲಿ ಹಾಕಿದರೆ ಊರೂರಿನ ವ್ಯಾಪಾರಿಗಳು ಬೆಲೆ ಹಾಕುತ್ತಿದ್ದರು. ದೊಡ್ಡ ಖರೀದಿಯಾದರೆ ಗೊತ್ತಾದ ದಿನ ಹರಾಜು, ಅದೂ ಉಲ್ಟಾ ಹರಾಜು. ಎಲ್ಲರಿಗಿಂತ ಕೆಳಗೆ ಇಳಿದವನಿಗೆ ಮಾಲು. ಯಾವ ಬೆಲೆ ಯಾರದೆಂದು ಹರಾಜು ಮುಗಿಯುವತನಕ ನಮಗೆ ಕಾಣುವುದಿಲ್ಲ, ಹೆಸರಿನ ಬದಲು ಬರೀ ನಂಬರು, ಪಕ್ಕದಲ್ಲಿ ಬೆಲೆ. ಪ್ಲಾಸ್ಟಿಕ್ ಕೊಡುತ್ತಿದ್ದ ಹಳೆಯ ಸ್ನೇಹಿತನೊಬ್ಬ ವರ್ಷಗಟ್ಟಲೆ ನಮ್ಮ ತಲೆ ಬೋಳಿಸಿದ್ದ ಎಂಬುದು ಮೊದಲ ಹರಾಜಿನಲ್ಲೇ ಬಯಲಾಯಿತು. ಝಾನಿಲ್ ನಾಲ್ಕು ದಿನ ಮುಖ ಊದಿಸಿಕೊಂಡಿದ್ದು, ಆಮೇಲೆ ನಗತೊಡಗಿದಳು.

"ಎದುರಿಗೆ ಕೂತು ಚಹಾ ಕುಡಿದೋನ ಹತ್ರ ಚೌಕಾಸಿ ಮಾಡೋಕೆ ನಂಗೆ ನಾಚಿಕೆ," ಅಂದಳು ನನಗೆ. "ಇದಕ್ಕೆ ನಾಚಿಕೆ ಅನ್ನೋದೇ ಇಲ್ಲ ನೋಡು. ಅದೇ ಇದರ ಒಳ್ಳೆ ಗುಣ."

ಸುಳ್ಳು ಹೇಳಬಾರದು, ಆ ಶರತ್ಕಾಲದಲ್ಲಿ ಲೈನ್ ಮುಚ್ಚದೆ ಉಳಿದದ್ದು ಅದರಿಂದಲೇ. ಯಾರ ಕೆಲಸವೂ ಹೋಗಲಿಲ್ಲ.

ಆಮೇಲೆ ಪೆಟ್ಟಿಗೆಯ ಸರದಿ ಬಂತು. ಬೆಲೆ ಹಾಕುವವರಲ್ಲಿ ತನ್ನ ಬೀಗನೂ ಇದ್ದಾನೆ ಎಂದು ಝಾನಿಲ್ ತಾನೇ ಸಾನ್ಝಾರ್‌ಗೆ ಹೇಳಿದಳು. ಅವನು ಅಲ್ಮಾಟಿಗೆ ಕೇಳಿದ. ತೊಂದರೆಯಿಲ್ಲ, ಹರಾಜು ಮುಗಿಯುವತನಕ ಅವರ ಜೊತೆ ವ್ಯವಹಾರದ ಮಾತು ಬೇಡ ಎಂದು ಉತ್ತರ ಬಂತು.

ಅದೇ ವಾರ ಬೆಕ್ಬೊಲಾತನ ಮನೆಯಲ್ಲಿ ಮೊಮ್ಮಗನ ಶಾಸ್ತ್ರ. ನಡೆಯಲು ಕಲಿತ ಕೂಸಿನ ಕಾಲುಗಳಿಗೆ ಕಪ್ಪು ಬಿಳಿ ದಾರ ಕಟ್ಟಿ ಕತ್ತರಿಸಿ ಬಿಡುವುದು. ನನ್ನನ್ನೂ ಕರೆದಿದ್ದರು. ದಾರ ಕತ್ತರಿಸಿದ್ದೇ ತಡ, ಕೂಸು ನಾಲ್ಕು ಹೆಜ್ಜೆ ಹಾಕಿ ಝಾನಿಲ್‌ಳ ಮಡಿಲಿಗೆ ಬಿತ್ತು. ಊಟಕ್ಕೆ ಕೂತಾಗ ಬೆಕ್ಬೊಲಾತ್ ಶುರುಮಾಡಿದ.

"ಬೀಗಿತ್ತಿಯೋರನ್ನ ಮಾತಾಡಿಸಬೇಡ್ರಪ್ಪ. ಅವರಿಗೆ ಕಂಪ್ಯೂಟರ್ ಜೊತೆ ನಿಕಾಹ್ ಆಗಿದೆ. ಪರಗಂಡಸರ ಜೊತೆ ಮಾತಿಲ್ಲ."

"ಮಾಂಸ ಆದ್ರೂ ತಿನ್ನಬಹುದಂತಾ?" ಅಂದಳು ಅವನ ಹೆಂಡತಿ ಝಾಉರೆ. "ಇಲ್ಲಾ ಅದಕ್ಕೂ ಅಲ್ಮಾಟಿಯಿಂದ ಪರ್ಮಿಷನ್ ಬರಬೇಕಾ?"

"ಬಂದಿದೆ, ಬಂದಿದೆ. ಬೀಗರ ಮನೇಲಿ ಮಾಂಸ ಬೇಯಿಸಿದ್ರೆ ತಿನ್ನು, ಚರ್ಮ ಬೇಯಿಸಿದ್ರೆ ತಿನ್ನಬೇಡ ಅಂದಿದ್ದಾರೆ," ಅಂದಳು ಝಾನಿಲ್. ಮನೆಯೆಲ್ಲ ನಕ್ಕಿತು.

ಹೊರಡುವಾಗ ಅಂಗಳದಲ್ಲಿ ನಾವು ಬೂಟು ಹಾಕಿಕೊಳ್ಳುತ್ತಿದ್ದೆವು. ಬೆಕ್ಬೊಲಾತ್ ಹತ್ತಿರ ಬಂದ. ಮುಖದಲ್ಲಿ ನಗು ಇರಲಿಲ್ಲ.

"ಒಂದೇ ಮಾತು ಕೇಳ್ತೀನಿ. ಎಲ್ಲಿತನಕ ಇಳಿದ್ರೆ ಸಾಕು?"

"ನಂಗೆ ಗೊತ್ತಿಲ್ಲ ಬೀಗ್ರೇ."

"ಗೊತ್ತಿದ್ರೆ ಹೇಳ್ತಿದ್ರಾ?"

ಝಾನಿಲ್ ಬೂಟಿನ ಜಿಪ್ ಎಳೆದು ನೆಟ್ಟಗಾದಳು. "ಹೇಳ್ತಿರಲಿಲ್ಲ."

"ಸರಿ," ಅಂದ ಅವನು. "ನನ್ನ ಸೊಸೆಯ ತಾಯಿ ಕಳ್ಳಿ ಅಲ್ಲ. ಅಷ್ಟಾದ್ರೂ ಆಯ್ತಲ್ಲ."

ಹರಾಜಿನ ದಿನ ಪೆಟ್ಟಿಗೆಯ ಅಳತೆ ವಿಚಾರಿಸಲೆಂದು ನನ್ನನ್ನೂ ಖರೀದಿ ಕೋಣೆಗೆ ಕರೆದಿದ್ದರು. ಪರದೆಯ ಮೇಲೆ ಕೆಲವು ನಂಬರುಗಳ ಮುಂದೆ ಬೆಲೆ ಇಳಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಮಿಕ್ಕವರೆಲ್ಲ ನಿಂತರು, ಇಬ್ಬರು ಉಳಿದರು. ಕೊನೆಯ ಗಳಿಗೆಯಲ್ಲಿ ಯಾರಾದರೂ ಇಳಿಸಿದರೆ ಗಡಿಯಾರ ಮತ್ತೆ ಮುಂದಕ್ಕೆ ಹೋಗುತ್ತದೆ. ಅದು ಹೋಗುತ್ತಲೇ ಇತ್ತು. ಒಬ್ಬ ಒಂದೇ ಅಳತೆಯಲ್ಲಿ, ತಣ್ಣಗೆ ಇಳಿಸುತ್ತಿದ್ದ. ಇನ್ನೊಬ್ಬ ಪ್ರತಿಸಲವೂ ಗಡಿಯಾರ ಮುಗಿಯುವ ಅಂಚಿಗೆ ಬಂದು, ಬಾವಿಗೆ ಹಾರುವವನ ಹಾಗೆ ಇಳಿಸುತ್ತಿದ್ದ.

"ಇದು ಬೆಕ್ಬೊಲಾತ್," ಅಂದಳು ಝಾನಿಲ್.

"ಅಪಾಯ್, ಯಾರು ಅಂತ ನಮಗೆ ಕಾಣಲ್ಲ," ಅಂದ ಸಾನ್ಝಾರ್.

"ನಿಂಗೆ ಕಾಣಲ್ಲ." ಅವಳ ಕಣ್ಣು ಪರದೆ ಬಿಟ್ಟು ಕದಲಲಿಲ್ಲ. "ಈ ಬೆಲೆಗೆ ರಟ್ಟೂ ಬರಲ್ಲ. ಗೋಂದು, ಕರೆಂಟು, ಕೂಲಿ ಎಲ್ಲಿಂದ ತರ್ತಾನೆ ಇವನು?"

ಮೇಜಿನ ಮೇಲಿನ ಮೊಬೈಲು ಎತ್ತಿಕೊಂಡಳು. ಸಾನ್ಝಾರ್ ನೋಡಿದ, ತಡೆಯಲಿಲ್ಲ. ಅವಳ ಹೆಬ್ಬೆರಳು ಹೆಸರಿನ ಮೇಲೇ ಇತ್ತು. ಗಡಿಯಾರ ಓಡುತ್ತಿತ್ತು. ಆಮೇಲೆ ಮೊಬೈಲನ್ನು ಬೋರಲು ಹಾಕಿ ಇಟ್ಟಳು. ಆ ತಣ್ಣನೆಯವನು ಮತ್ತೆ ಇಳಿಸಲಿಲ್ಲ. ಹರಾಜು ಮುಗಿದು ಪರದೆ ಹಸಿರಾಯಿತು.

ತಕ್ಷಣ ಮೊಬೈಲು ಹೊಡೆದುಕೊಂಡಿತು. ಬೆಕ್ಬೊಲಾತನ ಗಂಟಲು ನನಗೂ ಕೇಳುವಷ್ಟು ದೊಡ್ಡದಾಗಿತ್ತು. "ಬೀಗಿತ್ತೀ! ಗೆದ್ದೆ! ಈಗಲಾದ್ರೂ ಮಾತಾಡಬಹುದು ತಾನೇ? ಎಲ್ಲರ ಕೆಲಸನೂ ಉಳೀತು, ಕೇಳಿ ಇಲ್ಲಿ!" ಅವನ ಹಿಂದೆ ಧಡಧಡ ಸದ್ದು. ಆ ಕಿವುಡ ಹೆಂಗಸರು ಸಂತೋಷಕ್ಕೆ ಹಲಗೆಯ ನೆಲವನ್ನು ತುಳಿಯುತ್ತಿದ್ದರು. ತಮ್ಮ ಕಾಲಿಗೆ ತಾಗುವ ಹಾಗೆ.

"ಒಳ್ಳೇದಾಗಲಿ," ಅಂದಳು ಝಾನಿಲ್. ಬೇರೇನು ಹೇಳಿಯಾಳು?

ಚಳಿಗಾಲ ಬಂತು. ಮೊದಲ ಕೆಲವು ಲೋಡು ಚೆನ್ನಾಗಿಯೇ ಬಂತು. ಅದಕ್ಕೆ ಬೆಕ್ಬೊಲಾತ್ ತನ್ನ ಕಾರು ಮಾರಿದ್ದನಂತೆ. ಆಮೇಲೆ ರಟ್ಟು ತೆಳುವಾಯಿತು. ಗೋದಾಮಿನಲ್ಲಿ ಒಂದು ಬೆಳಿಗ್ಗೆ ನಾನು ಬಾಗಿಲು ತೆಗೆದರೆ ಕೆಳಸಾಲಿನ ಪೆಟ್ಟಿಗೆಗಳೆಲ್ಲ ಕುಸಿದು, ಇಡೀ ಗುಡ್ಡೆ ಗೋಡೆಗೆ ವಾಲಿತ್ತು. ಝಾನಿಲ್ ಬಂದು ನೋಡಿದಳು. ಒಡೆದ ಪೆಟ್ಟಿಗೆಯ ಅಂಚನ್ನು ಬೆರಳಲ್ಲಿ ಹಿಡಿದು ಸೀಳಿದಳು. ಮೇಲೆ ಹೋಗಿ, ಮಾಲು ತಿರಸ್ಕರಿಸಿದ್ದೇವೆ ಎಂದು ಸಾಫ್ಟ್‌ವೇರಿನಲ್ಲಿ ಒತ್ತಿದಳು. ಮುಂದಿನ ಲೋಡಿಗೂ ಅದೇ ಆಯಿತು. ಹಾಗೆ ಮತ್ತೆ ಮತ್ತೆ ಆದರೆ ಆ ಸಾಫ್ಟ್‌ವೇರು ಯಾರನ್ನೂ ಕೇಳದೆ ಒಪ್ಪಂದ ಮುರಿದು, ಹರಾಜಿನಲ್ಲಿ ಎರಡನೆಯವನಾಗಿದ್ದವನನ್ನು ಕರೆಯುತ್ತದೆ. ಕರೆಯಿತು.

ಮಾರ್ಚ್ ಮೊದಲ ವಾರ, ಚಳಿ ಇನ್ನೂ ಬಿಟ್ಟಿರಲಿಲ್ಲ, ತಿರಸ್ಕರಿಸಿದ ಮಾಲು ಒಯ್ಯಲು ಬೆಕ್ಬೊಲಾತ್ ತಾನೇ ಲಾರಿ ತಂದ. ಹೊರಲು ಕಾರ್ಖಾನೆಯ ಇಬ್ಬರು ಹೆಂಗಸರು ಬಂದಿದ್ದರು. ಝಾನಿಲ್ ಕೋಟು ಹಾಕಿಕೊಳ್ಳದೆ ಗೇಟಿಗೆ ಓಡಿ ಬಂದಳು. ಉಲ್ಮೆಕೆನ್ ಎಂಬ ವಯಸ್ಸಾದ ಹೆಂಗಸು ಅವಳನ್ನು ಕಂಡದ್ದೇ ಪೆಟ್ಟಿಗೆ ಕೆಳಗಿಟ್ಟು, ಕೈಗವಸು ಕಳಚಿ, ಬರಿಗೈಯಲ್ಲಿ ಏನೋ ಹೇಳತೊಡಗಿದಳು. ಉದ್ದಕ್ಕೆ, ಬಿರುಸಾಗಿ ಹೇಳಿದಳು.

"ಏನಂತಾಳೆ?" ಅಂದಳು ಝಾನಿಲ್.

"ಏನಿಲ್ಲ," ಅಂದ ಬೆಕ್ಬೊಲಾತ್. "ಚಳಿ ಅಂತಾಳೆ."

ಉಲ್ಮೆಕೆನ್ ಅವನ ತುಟಿಯನ್ನೇ ನೋಡುತ್ತಿದ್ದಳು. ಅವನು ಹೇಳಿದ್ದು ತಿಳಿದು, ಅವನಿಗೆ ಬೆನ್ನು ತಿರುಗಿಸಿ ಲಾರಿ ಹತ್ತಿದಳು.

"ಅವತ್ತು ಫೋನ್ ಮಾಡಬೇಕಿತ್ತು ನಾನು," ಅಂದಳು ಝಾನಿಲ್.

"ಮಾಡಿದ್ರೂ ನಾನು ನಿಲ್ಲಿಸ್ತಿರಲಿಲ್ಲ," ಅಂದ ಅವನು. "ಸೋತಿದ್ರೆ ಮಾರನೇ ದಿನ ಮುಚ್ಚಬೇಕಿತ್ತು. ಗೆದ್ದಿದ್ದಕ್ಕೆ ಮಾರ್ಚ್‌ವರೆಗೆ ಬಂತು. ಒಳಗೆ ಹೋಗಿ, ಶೀತ ಆಗತ್ತೆ."

ಅದೇ ತಿಂಗಳು ಕಾರ್ಖಾನೆ ಮುಚ್ಚಿತು. ಯಂತ್ರಗಳು ಗುಜರಿಗೆ ಹೋದವು. ಎಲ್ದೋಸ್ ಬಾಡಿಗೆ ಟ್ಯಾಕ್ಸಿ ಓಡಿಸತೊಡಗಿದ. ಬೆಕ್ಬೊಲಾತ್ ಒಂದು ದೊಡ್ಡ ಅಂಗಡಿಯ ಹಿಂಬಾಗಿಲಿಗೆ ಕಾವಲುಗಾರನಾದ. ಆ ಹೆಂಗಸರಿಗೆ ಊರಲ್ಲಿ ಬೇರೆ ಕೆಲಸ ಸಿಗಲಿಲ್ಲ. ಅವರ ಮಾತು ಬಲ್ಲ ಯಜಮಾನ ಇನ್ನೊಬ್ಬನಿರಲಿಲ್ಲ. ಇತ್ತ ಪೆಟ್ಟಿಗೆಯ ಆ ಎರಡನೆಯವನು, ಪೈಪೋಟಿಗೆ ಯಾರೂ ಉಳಿದಿಲ್ಲವೆಂದು ಕಂಡು, ಬೇಸಿಗೆಯ ಹೊತ್ತಿಗೆ ಬೆಲೆಯನ್ನು ಹರಾಜಿಗೂ ಮೊದಲಿದ್ದ ಕಡೆಗೇ ಏರಿಸಿದ. ಹರಾಜು ಮತ್ತೆ ಇಟ್ಟರೆ ಅವನೊಬ್ಬನೇ ಬರುತ್ತಿದ್ದ.

ಮೂರು ಫ್ಯಾಕ್ಟರಿಗಳಲ್ಲಿ ಖರೀದಿಯ ಲೆಕ್ಕ ಅತಿ ಅಚ್ಚುಕಟ್ಟಾಗಿದ್ದದ್ದು ನಮ್ಮದೇ. ಅದನ್ನು ನೋಡಿಯೇ ಮಾಲೀಕರಿಗೆ ಹೊಳೆಯಿತು: ಇದನ್ನೆಲ್ಲ ಅಲ್ಮಾಟಿಯಲ್ಲೇ ಕೂತು ಮಾಡಬಹುದು. ಝಾನಿಲ್‌ಗೆ ಹೂಗುಚ್ಛ ಕೊಟ್ಟು, ಚಪ್ಪಾಳೆ ತಟ್ಟಿ ಕಳಿಸಿದರು. ಖರೀದಿ ಕೋಣೆಯಲ್ಲಿ ಈಗ ಮುರಿದ ಕುರ್ಚಿಗಳನ್ನು ಇಟ್ಟಿದ್ದಾರೆ. ಸಾನ್ಝಾರ್ ಕ್ಷಮೆ ಕೇಳಲು ಫೋನ್ ಮಾಡಿದ್ದನಂತೆ, ಅವನನ್ನೂ ತೆಗೆದಿದ್ದರು. "ಪಾಪ, ನಾನೇ ಅವನಿಗೆ ಸಮಾಧಾನ ಹೇಳಿದೆ," ಅಂದಳು.

ಮರುವರ್ಷ ವಸಂತದಲ್ಲಿ, ಹೊಸ ವರ್ಷದ ನೌರೂಜ್ ಹಬ್ಬಕ್ಕೆ ಅವಳು ಬೀಗರ ಮನೆಗೆ ಹೋದಳು. ಒಬ್ಬಳೇ ಹೋಗುವ ಧೈರ್ಯವಿಲ್ಲವೆಂದು ನನ್ನನ್ನೂ ಕರೆದೊಯ್ದಳು. ಬೆಕ್ಬೊಲಾತ್ ಬಾಗಿಲಿಗೆ ಬಂದು ಎರಡೂ ಕೈ ಹಿಡಿದು ಬರಮಾಡಿಕೊಂಡ. ಒಳಗೆ ಗೌರವದ ಜಾಗದಲ್ಲಿ ಕೂರಿಸಿದ. ಝಾಉರೆ ಬೇಯಿಸಿದ ಮಾಂಸದಲ್ಲಿ ಒಳ್ಳೆಯ ತುಂಡನ್ನು ಆರಿಸಿ ಅವಳ ಮುಂದಿಟ್ಟಳು. ಆರೋಗ್ಯ ವಿಚಾರಿಸಿದರು, ಹವೆಯ ಬಗ್ಗೆ ಮಾತಾಡಿದರು. ಝಾನಿಲ್ ಮೊದಲಿನ ಹಾಗೆ ರೇಗಿಸಲೆಂದು ಒಮ್ಮೆ, "ಏನ್ರೀ ಬೀಗ್ರೇ, ಈ ಸಲ ಚರ್ಮ ಬೇಯಿಸಿಲ್ವಾ?" ಅಂದಳು. ಬೆಕ್ಬೊಲಾತ್ ತಲೆ ಬಾಗಿಸಿ, "ತಪ್ಪಾಗಿದ್ರೆ ಕ್ಷಮಿಸಬೇಕು, ತಾವು ದೊಡ್ಡ ಮನಸ್ಸು ಮಾಡಿ ಊಟ ಮಾಡಿ," ಅಂದ. ಅಕ್ಬೋತಾ ಎದ್ದು ಅಡುಗೆಮನೆಗೆ ಹೋದಳು.

ಹೊರಗೆ ಬಂದು ಬಸ್ಸು ಹಿಡಿದೆವು. ಕೂತಮೇಲೆ ಝಾನಿಲ್, "ಎರಡು ಬೈದು ಕಳಿಸಿದ್ರೂ ಚೆನ್ನಾಗಿರ್ತಿತ್ತು," ಅಂದಳು.

ಆಮೇಲಿನ ವರ್ಷ ಅವಳು ಹೋಗಲಿಲ್ಲ. ಅವರೂ ಯಾಕೆಂದು ಕೇಳಲಿಲ್ಲ.